ಭಾವ ಹೇಳಿದ ಒಂದನೇ ನಂಬ್ರ

ಮೊನ್ನೆ ಚುನಾವಣೆ ಬಂತೆಂದು ಊರಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿಡಬೇಕೆಂಬ ಹುಕುಂ ಆಯಿತು. ಪಕ್ಕದ ಮನೆಯ ಹುಡುಗ ತನ್ನ ಅಜ್ಜನ ಕಾಲದ ಜೋಡುನಳಿಗೆ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟವನು, ಲೈಸೆನ್ಸು ಮರೆತುಹೋಯಿತೆಂದು ಅದನ್ನು ನಮ್ಮ ಜಗಲಿಯ ಮೇಲಿಟ್ಟು ಮನೆಗೆ ಓಡಿದ. ಗೋಣಿಯ ಬಾಯಿಯಿಂದ ತೆಂಗಿನೆಣ್ಣೆ, ತುಕ್ಕು, ಸುಟ್ಟ ಮದ್ದು ಮೂರೂ ಸೇರಿದ ಒಂದು ವಾಸನೆ ಬಂತು. ಅರವತ್ತು ವರ್ಷದ ಮೇಲಾಯಿತು ಆ ವಾಸನೆ ಮೂಗಿಗೆ ಬಿದ್ದು.

ಹುಡುಗ ವಾಪಸು ಬಂದವನು, “ಅಜ್ಜಿ, ಇದ್ ಭಾರಿ ಒಳ್ಳೆ ಕೋವಿ ಅಂಬ್ರ್. ಹೌದಾ?” ಎಂದು ಕೇಳಿದ.

“ನಂಗೆಂತ ಗೊತ್ತ್ ಮಗಾ” ಅಂದೆ. ಗೊತ್ತಿಲ್ಲದೆ ಏನು? ಒಂದು ಕೋವಿ ಒಂದನೇ ನಂಬ್ರದ ಅಸಲಿಯೋ ಮೂರನೇ ನಂಬ್ರದ ಕಳಪೆಯೋ ಎಂದು ಈ ಮಂಜುಗಣ್ಣಿನಲ್ಲೂ ನಾನು ಹೇಳಬಲ್ಲೆ. ಆದರೆ ಹಾಗೆ ಹೇಳಿ ಒಮ್ಮೆ ಉಂಡದ್ದು ಸಾಕಾಗಿದೆ. ಆ ವಿದ್ಯೆ ನನಗೆ ಕಲಿಸಿದ್ದು ನನ್ನ ಭಾವ, ಅಂದರೆ ಅಕ್ಕನ ಗಂಡ.

ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಸಾಲಿಗ್ರಾಮದ ಹತ್ತಿರ, ಅಕ್ಕನ ಮನೆಯಲ್ಲಿ. ಭಾವ ಬೊಂಬಾಯಿಯಲ್ಲಿ ಕೋವಿ ಮಾರುವ ಒಂದು ದೊಡ್ಡ ಅಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅದನ್ನು ಬಿಟ್ಟು ಊರಿಗೆ ಬಂದು ಬೇಸಾಯಕ್ಕೆ ನಿಂತಿದ್ದರು. ಇಸ್ತ್ರಿಯ ಅಂಗಿ, ಬೈತಲೆ ತೆಗೆದ ಕ್ರಾಪು, ಮಾತಿನ ನಡುವೆ ಒಂದೆರಡು ಹಿಂದಿ. ಆಗ ನಮ್ಮ ಕಡೆಯ ದೊಡ್ಡ ಮನೆಗಳಲ್ಲೆಲ್ಲ ಕೋವಿಗಳಿದ್ದವು. ಹಂದಿ ಕಾಟಕ್ಕೆಂದು ಲೈಸೆನ್ಸು, ಜಗಲಿಯ ಗೋಡೆಗೆ ಚಂದಕ್ಕೆಂದು ಕೋವಿ. ಊರು ಬಿಟ್ಟು ಹೋಗುವ ಬಿಳಿ ದೊರೆಗಳಿಂದ, ಘಟ್ಟದ ಮೇಲಿನ ಕಾಫಿ ತೋಟದವರಿಂದ, ಯಾರ್ಯಾರೋ ದಲ್ಲಾಳಿಗಳಿಂದ ಕೊಂಡದ್ದು. ಕೊಂಡವನಿಗೆ ಅದರ ತಲೆಬುಡ ಗೊತ್ತಿರುತ್ತಿರಲಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರೇ ಕೋವಿ ಕೊಂಡರೂ, ಮನೆ ಪಾಲಾಗುವಾಗ ಕೋವಿ ಯಾರಿಗೆಂದು ಜಗಳ ಬಂದರೂ ಭಾವನಿಗೆ ಹೇಳಿಕಳಿಸುತ್ತಿದ್ದರು. ಭಾವ ನೋಡಿ “ಇದು ಎರಡನೇ ನಂಬ್ರ” ಅಂದರೆ ಮುಗಿಯಿತು. ಅದರ ಮೇಲೆ ಮಾತಿಲ್ಲ.

ಅವರು ನೋಡುವುದನ್ನು ನೋಡುವುದೇ ನನಗೊಂದು ಹಬ್ಬ. ಮನೆಗೆ ಯಾರಾದರೂ ಕೋವಿ ತಂದರೆ ಭಾವ “ಬಾ ಹೆಣೆ” ಎಂದು ಅಕ್ಕರೆಯಿಂದ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಮೊದಲು ಹೂವಿನ ಕೆತ್ತನೆ ನೋಡಬೇಡ, ತಿರುಪು ಮೊಳೆ ನೋಡು ಅನ್ನುವರು. ಒಳ್ಳೆಯ ಕೋವಿಯಲ್ಲಿ ಮೊಳೆಗಳ ಗೀಟುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಂತಿರುತ್ತವೆ, ಕಳಪೆಯದರಲ್ಲಿ ಒಂದು ಅತ್ತ ಒಂದು ಇತ್ತ. ಮರ ಮತ್ತು ಕಬ್ಬಿಣ ಸೇರುವಲ್ಲಿ ಕಣ್ಣು ಮುಚ್ಚಿ ಉಗುರು ಎಳೆಯಬೇಕು, ಎಲ್ಲಿಯೂ ತಡೆಯಬಾರದು. ಆಮೇಲೆ ನಳಿಗೆ ಬಿಚ್ಚಿ, ಕಿರುಬೆರಳಿಗೆ ತೂಗುಹಾಕಿಕೊಂಡು ಬೆರಳಿನ ಗೆಣ್ಣಿನಿಂದ ತಟ್ಟುವರು. ಒಳ್ಳೆಯದಾದರೆ ದೇವರ ಕೋಣೆಯ ಗಂಟೆಯಂತೆ ಸ್ವರ ನಿಲ್ಲುತ್ತದೆ. ಇಲ್ಲವಾದರೆ ಒಡಕು ಮಡಕೆ. ಕೆತ್ತಿದ ಹಕ್ಕಿಯ ಕಣ್ಣನ್ನೂ ನೋಡುತ್ತಿದ್ದರು. ಹಕ್ಕಿ ಹಾರುವ ಹಾಗಿದೆಯೋ, ಹಿಟ್ಟಿನ ಉಂಡೆಯ ಹಾಗಿದೆಯೋ. “ಕೆತ್ತಿದ್ ಹೂಗ್ ಜಾಸ್ತಿ ಇದ್ರೆ ಸಂಶಯ ಮಾಡ್ಕ್” ಎಂದು ನಗುತ್ತಿದ್ದರು.

ಎಲ್ಲಕ್ಕಿಂತ ಕಡೆಯದು ನಳಿಗೆಯ ಸುಳಿ. ಹಿಂದಿನ ಕಾಲದ ಒಳ್ಳೆಯ ನಳಿಗೆಗಳನ್ನು ಕಬ್ಬಿಣ ಉಕ್ಕು ಎರಡನ್ನೂ ಹಗ್ಗದಂತೆ ಹೊಸೆದು, ಸುತ್ತಿ ಬಡಿದು ಮಾಡುತ್ತಿದ್ದರಂತೆ. ಅದರಿಂದ ನಳಿಗೆಯ ಮೈತುಂಬ ಹಾವಿನ ಪೊರೆಯಂಥ ಸುಳಿಗಳು ಬರುತ್ತವೆ. ಇದನ್ನು ಕಂಡು ಕಳ್ಳರು ಸುಮ್ಮನಿರುತ್ತಾರೆಯೇ? ಸಾದಾ ಕಬ್ಬಿಣದ ತೆಳು ಕೊಳವೆಯ ಮೇಲೆ ಆಸಿಡ್ಡಿನಿಂದ ಅದೇ ಸುಳಿ ಬರೆದು, ದೊಡ್ಡ ಹೆಸರು ಕೆತ್ತಿ ಮಾರಿದರು. ನಿಜವೋ ಬರೆದದ್ದೋ ತಿಳಿಯಲು ಒಂದೇ ದಾರಿ. ಎಡಗೈಯಲ್ಲಿ ಹಿಡಿಯುವ ಮುಂದಿನ ಮರವನ್ನು ಬಿಚ್ಚಿ, ಅದರ ಅಡಿಯ ಕಬ್ಬಿಣವನ್ನು ನೋಡಬೇಕು. ಹೊಸೆದು ಮಾಡಿದ ಸುಳಿ ಅಲ್ಲಿಯೂ ಇರುತ್ತದೆ. ಬರೆದ ಸುಳಿ ಮರ ಶುರುವಾಗುವಲ್ಲಿಗೇ ಮುಗಿಯುತ್ತದೆ. ಭಾವ ಪ್ರತಿ ಸಲ ಅದನ್ನು ಬಿಚ್ಚಿ, ಸುತ್ತ ಇದ್ದವರನ್ನೆಲ್ಲ “ಬನಿ, ಕಾಣಿ” ಎಂದು ಕರೆದು ತೋರಿಸುತ್ತಿದ್ದರು. ಅಂಥ ಕೊಳವೆಗೆ, ಹಳೆಯ ಕಪ್ಪು ಮದ್ದಿಗಿಂತ ಎಷ್ಟೋ ಜೋರಿನ ಹೊಸ ಬಿಳಿ ಮದ್ದಿನ ತೋಟೆ ಹಾಕಿದರೆ ಕೈ ಹೋಗುತ್ತದೆ ಎಂದೂ ಹೇಳುತ್ತಿದ್ದರು.

ನನ್ನ ಮದುವೆ ಆದದ್ದು ಯುದ್ಧದ ನಡುವೆ, ಬೈಂದೂರು ಕಡೆಯ ಒಂದು ದೊಡ್ಡ ಮನೆಗೆ. ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮಿ ಕೆಮ್ಮಿ ಕುಂದಾಪುರ ಮುಟ್ಟಿ, ಅಲ್ಲಿ ದೋಣಿ ದಾಟಿ, ಮತ್ತೆ ಗಾಡಿ. ನಮ್ಮ ಪೈಕಿ ಯಜಮಾನಿಕೆ ಸೋದರಮಾವನಿಂದ ಅಕ್ಕತಂಗಿಯರ ಮಗನಾದ ಅಳಿಯನಿಗೆ ಹೋಗುವುದು. ನನ್ನ ಗಂಡನೇ ಹಿರಿಯ ಅಳಿಯ. ಅವರ ಸೋದರಮಾವ, ಆ ಮನೆಯ ಯಜಮಾನರು, ದೊರೆಯೊಬ್ಬನ ಕೋವಿಯೆಂದು ದಲ್ಲಾಳಿಯಿಂದ ಕೊಂಡ ಜೋಡುನಳಿಗೆಯನ್ನು ಮದುವೆಯ ಮರುದಿನ ಅಂಗಳದಲ್ಲಿ ಮಣೆಯ ಮೇಲಿಟ್ಟು, ಎಲೆಯಡಿಕೆ ಸಮೇತ ಅಳಿಯನ ಕೈಗೆ ಕೊಟ್ಟರು. ಮುಂದೆ ಮನೆ ನೋಡಿಕೊಳ್ಳುವವನು ನೀನೇ ಎಂದು ನಾಲ್ಕು ಜನರ ಮುಂದೆ ಹೇಳುವ ರೀತಿ ಅದು. ಕೊಟ್ಟವರು ಸುಮ್ಮನಿರಲಿಲ್ಲ. ಹೆಣ್ಣಿನ ಕಡೆಯವರ ಸಾಲಿನಲ್ಲಿ ಕೂತಿದ್ದ ಭಾವನನ್ನು ಕಂಡರು.

“ಹ್ವಾಯ್, ಬೊಂಬಾಯಿಯವ್ರೆ, ಒಂಚೂರ್ ಕಂಡ್ ಹೇಳಿ ಕಾಂಬ. ನಮ್ಮ ಕೋವಿ ಎಷ್ಟನೇ ನಂಬ್ರದ್ದ್?”

ನಾನು ಒಳಗೆ ಕಿಟಕಿಯ ಹತ್ತಿರ ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದೆ. ಜರಿ ಸೀರೆ, ಮಲ್ಲಿಗೆ, ಬೆವರು. ಎದುರಿಗಿದ್ದವರ ಬೆನ್ನುಗಳ ಸಂದಿಯಲ್ಲಿ ಭಾವ ಎದ್ದದ್ದು, ಕೋವಿ ಎತ್ತಿಕೊಂಡದ್ದು ಕಂಡಿತು. ಮರ ಬಿಚ್ಚುವ “ಟಕ್” ಎಂಬ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಮರ ಕೂರಿಸುವ ಸದ್ದು ಕೇಳಿಸಿತು. ಆಮೇಲೆ ಭಾವನ ಸ್ವರ.

“ಒಂದನೇ ನಂಬ್ರ. ಕಣ್ಣ್ ಮುಚ್ಚಿ ಹೇಳ್ಲಕ್ಕ್.”

ಅಂಗಳವೆಲ್ಲ ಹೋ ಎಂದಿತು. ಯಜಮಾನರ ನಗು ಕೇಳಿ ನನಗೂ ಹೆಮ್ಮೆ ಬಂತು. ನನ್ನ ಭಾವನ ಮಾತಿಗೆ ಈ ಮನೆಯಲ್ಲೂ ಎಷ್ಟು ಬೆಲೆ ಅಂತ... ದಡ್ಡಿ!

ಹೊರಡುವಾಗ ಭಾವ ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟು, “ಹಳೆ ಕಪ್ಪು ಮದ್ದಿನ ತೋಟೆಯೇ ಹಾಕ್, ಹೊಸ್ತ್ ಬ್ಯಾಡ” ಅಂದರಂತೆ. ಯಾಕೆಂದು ಹೇಳಲಿಲ್ಲ. ಇವರೂ ಕೇಳಲಿಲ್ಲ. ಹೊಸ ತೋಟೆ ದುಬಾರಿ, ಅದಕ್ಕೆ ಹೇಳಿದ್ದಾರೆ ಎಂದುಕೊಂಡರು.

ಒಂದು ಬೆಳೆ ಕಳೆಯಿತು. ಯುದ್ಧದ ದೆಸೆಯಿಂದ ಪೇಟೆಯಲ್ಲಿ ಹಳೆಯ ತೋಟೆ ಕಾಣದಾಯಿತು. ಬೈಂದೂರಿನ ಕಾಡಿನಲ್ಲಿ ಮರ ಕಡಿಸುತ್ತಿದ್ದ ಗುತ್ತಿಗೆದಾರನೊಬ್ಬ ನನ್ನ ಗಂಡನಿಗೆ ಒಂದು ಪೆಟ್ಟಿಗೆ ಹೊಸ ತೋಟೆ ಕೊಟ್ಟ. ತೆನೆ ತುಂಬಿದ ಗದ್ದೆಗೆ ಹಂದಿ ಇಳಿಯುತ್ತಿತ್ತು. ಒಂದನೇ ನಂಬ್ರದ ಕೋವಿ, ಹೆದರಿಕೆ ಯಾಕೆ? ಬೆಳಗ್ಗೆ, ಇನ್ನೂ ಇಬ್ಬನಿ ಆರುವ ಮೊದಲು, ಗದ್ದೆಯಂಚಿನಿಂದ ಈಡಿನ ಸದ್ದು ಕೇಳಿತು. ಮನೆಯಲ್ಲಿದ್ದವರು “ಬಿತ್ತ್ ಹಂದಿ” ಅಂದರು. ಆಮೇಲೆ ಆಳುಗಳ ಬೊಬ್ಬೆ.

ಎಡದ ನಳಿಗೆ ಮುಂದಿನ ಮರದ ಸಮೇತ ಸೀಳಿಹೋಗಿತ್ತು. ಗಾಡಿ, ದೋಣಿ, ಕುಂದಾಪುರದ ಆಸ್ಪತ್ರೆ. ಎಡಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು.

ಕೈ ಹೋದದ್ದಕ್ಕಿಂತ ದೊಡ್ಡ ಶಿಕ್ಷೆ ಮನೆಯಲ್ಲಿ ಕಾದಿತ್ತು. ಒಂದನೇ ನಂಬ್ರದ ಕೋವಿ ತಾನಾಗಿ ಒಡೆಯುತ್ತದೆಯೇ? ನಳಿಗೆಗೆ ಮಣ್ಣು ತುಂಬಿಸಿಕೊಂಡಿದ್ದ, ಕುಡಿದಿದ್ದ, ಜಾಗ್ರತೆ ಇಲ್ಲದವ. ಬಾಯಿಗೊಂದು ಮಾತು. ನನ್ನ ಗಂಡ ಜೀವಮಾನದಲ್ಲಿ ಕಳ್ಳು ಮುಟ್ಟಿದವರಲ್ಲ. ಹೊಸ ಹೆಣ್ಣಿನ ಕಾಲ್ಗುಣ ಎಂದವರೂ ಇದ್ದರು, ಅದನ್ನು ಬಿಡಿ. ಯಜಮಾನರು ಮಾತ್ರ ನೇರವಾಗಿ ಹೇಳಿದರು: ಕೊಟ್ಟ ಕೋವಿಯನ್ನು ಇಟ್ಟುಕೊಳ್ಳಲು ತಿಳಿಯದವನು ಮನೆಯನ್ನು ಹೇಗೆ ಇಟ್ಟುಕೊಳ್ಳುತ್ತಾನೆ? ಹತ್ತಿರದವರನ್ನೆಲ್ಲ ಕೂರಿಸಿ ಯಜಮಾನಿಕೆಯ ಮಾತು ತೀರ್ಮಾನ ಮಾಡುವುದೆಂದಾಯಿತು. ಬೊಂಬಾಯಿಯವರೂ ಬಂದು ಕೋವಿ ನೋಡಲಿ ಎಂದರು.

ಒಡೆದ ಕೋವಿಯನ್ನು ಗೋಣಿಯಲ್ಲಿ ಕಟ್ಟಿ ನೇಗಿಲು ಇಡುವ ಕೋಣೆಯಲ್ಲಿ ಹಾಕಿದ್ದರು. ಇವರಿನ್ನೂ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಅದನ್ನು ಬಿಚ್ಚಿ ನೋಡಿದೆ. ರಕ್ತ ಒಣಗಿ ಕಪ್ಪಾಗಿತ್ತು. ಸೆರಗಿನಿಂದ ಒರೆಸಿದೆ. ನಳಿಗೆಯ ಮೇಲೆಲ್ಲ ಚಂದದ ಸುಳಿ. ಮುಂದಿನ ಮರ ಇದ್ದ ಜಾಗದಲ್ಲಿ, ಗೀಟು ಹಾಕಿದ ಹಾಗೆ, ಸುಳಿ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಬೋಳು ಕಬ್ಬಿಣ.

ಆಗ ಮದುವೆ ಅಂಗಳದ ಆ “ಟಕ್” ನೆನಪಾಯಿತು. ಭಾವ ಮರ ಬಿಚ್ಚಿದ್ದರು. ನೋಡಿದ್ದರು. ಅವತ್ತು ಮಾತ್ರ ಯಾರನ್ನೂ “ಬನಿ, ಕಾಣಿ” ಎಂದು ಕರೆದಿರಲಿಲ್ಲ.

ಆಸ್ಪತ್ರೆಗೆ ನೋಡಲು ಬಂದ ಭಾವನನ್ನು ಹೊರಗಿನ ಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದೆ.

“ಭಾವ, ನೀವ್ ಅವತ್ತ್ ಮುಂದಿನ ಮರ ತೆಗ್ದ್ ಕಂಡಿದ್ರಿ ಅಲ್ದಾ?”

ಭಾವ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. “ಕಂಡಿದ್ದೆ.”

“ಮತ್ತೆ ಎಂತಕ್ಕೆ ಒಂದನೇ ನಂಬ್ರ ಅಂದ್ರಿ?”

“ಮದಿ ಮನಿ ಅಂಗ್ಳದಲ್ಲಿ, ಅಷ್ಟ್ ಜನರ ಎದ್ರಿಗೆ, ಅವ್ರ್ ಮುಖಕ್ಕ್ ಹೊಡ್ದ್ ಹಾಂಗ್ ಹೇಳುಕಾತ್ತಾ ಹೆಣೆ? ನಾನ್ ಹೆಣ್ಣಿನ ಕಡೆಯವ. ನಾಳೆ ನೀನ್ ಆ ಮನಿಯಲ್ಲಿ ಬದುಕುದ್ ಬ್ಯಾಡ್ದಾ? ಮತ್ತೆ ನಾನ್ ಗಂಡಿಗೆ ಹೇಳಿದ್ದೆ ಅಲ್ದಾ, ಹಳೆ ತೋಟೆಯೇ ಹಾಕ್ ಅಂದೇಳಿ?”

ದಾಕ್ಷಿಣ್ಯ! ನಮ್ಮ ಕಡೆಯವರಿಗೆ ಅಂಟಿದ ಪೀಡೆ ಅದು. ಹಳಸಿದ ಸಾರು ಬಡಿಸಿದರೂ “ಲಾಯ್ಕ್ ಆಯ್ತ್” ಎಂದು ಎರಡನೇ ಸಲ ಹಾಕಿಸಿಕೊಳ್ಳುವ ಜನ. ಸಾರಿನಲ್ಲಿ ಹೊಟ್ಟೆ ಕೆಡುತ್ತದೆ, ಎರಡು ದಿನಕ್ಕೆ ವಾಸಿಯಾಗುತ್ತದೆ. ಕೋವಿಯಲ್ಲಿ ಹಾಗೆಯೇ? ಮುಖದ ಮೇಲೆ ಹೇಳಲು ನಾಲಿಗೆ ಬಾರದಿದ್ದರೆ ಮರುದಿನ ಒಂದು ಕಾಗದ ಬರೆಯಲು ಏನಾಗಿತ್ತು? ನನ್ನ ಕಿವಿಯಲ್ಲಿ ಹೇಳಲು ಏನಾಗಿತ್ತು?

ಆದರೂ ನಾನು ಜಗಳ ಆಡಲಿಲ್ಲ. ಭಾವನ ಕೈ ಹಿಡಿದು ಬೇಡಿದೆ. ಹೋದ ಬೆರಳು ಹೋಯಿತು, ಇವರ ಮಾನ ಉಳಿಸಿ, ಕೋವಿ ಕಳಪೆಯದು ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿ ಅಂದೆ. ಭಾವನ ಕಣ್ಣಿನಲ್ಲಿ ನೀರಿತ್ತು. “ಹೇಳ್ತೆ ಮಾರಾಯ್ತಿ, ಖಂಡಿತ ಹೇಳ್ತೆ” ಅಂದರು.

ಆ ದಿನ ಬಂತು. ಅದೇ ಅಂಗಳ, ಹೆಚ್ಚುಕಡಿಮೆ ಅದೇ ಜನ. ನನ್ನ ಗಂಡ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಬದಿಯಲ್ಲಿ ಕೂತಿದ್ದರು. ಭಾವ ಒಡೆದ ಕೋವಿಯನ್ನು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಕೋವಿದ್ ಎಂತ ದೋಷ ಇಲ್ಲೆ” ಅಂದರು ಭಾವ. “ಹೊಸ ಮದ್ದಿನ ತೋಟೆ ಹಾಕ್ಬೇಡ ಅಂದೇಳಿ ನಾನ್ ಮೊದ್ಲೇ ಹೇಳಿದ್ದೆ.”

ನನಗೆ ಏನಾಯಿತೋ ಗೊತ್ತಿಲ್ಲ. ಹೊಸ ಸೊಸೆಯೆಂಬುದನ್ನು ಮರೆತು ಹೊಸ್ತಿಲು ದಾಟಿ ಅಂಗಳಕ್ಕೆ ಬಂದುಬಿಟ್ಟೆ. “ಅದ್ ಒಂದನೇ ನಂಬ್ರದ್ದಲ್ಲ. ಮರ ಇದ್ದ ಜಾಗ ಕಾಣಿ, ಅಲ್ಲಿ ಸುಳಿ ಇಲ್ಲೆ. ಬರ್ದ್ ಸುಳಿ ಅದ್. ಭಾವನೇ ನಂಗೆ ಹೇಳಿಕೊಟ್ಟದ್ದ್” ಅಂದೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನರು ಬಗ್ಗಿ ಕಬ್ಬಿಣ ನೋಡಿ ಭಾವನ ಕಡೆ ತಿರುಗಿದರು. ನೋಡಿದರು, ನಿಜವಾಗಿ ನೋಡಿದರು. ಒಂದು ಮಾತು ಸಾಕಿತ್ತು ಆಗ...

“ಮರದ ಅಡಿಗೆ ಯಾರ್ ಸುಳಿ ಮಾಡ್ತ್ರ್? ಯಾರಿಗ್ ಕಾಂಬುಕೆ?” ಎಂದು ಭಾವ ನಕ್ಕರು. ಸಾಲಿಗ್ರಾಮದಲ್ಲಿ ಅವರು ಮರ ಬಿಚ್ಚಿ ತೋರಿಸಿದ್ದನ್ನು ಕಂಡವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಹೌದಲ್ಲ ಎಂದು ಎಲ್ಲರೂ ನಕ್ಕರು.

“ನೀವೇ ಹೇಳಿಕೊಟ್ಟದ್ದ್ ಅಂತ್ಳಲೆ?” ಎಂದು ಯಜಮಾನರು ಬಿಡದೆ ಕೇಳಿದರು.

“ಇಲ್ಲಪ್ಪ. ಹೆಣ್ ಮಕ್ಕಳಿಗೆ ಕೋವಿ ಸುದ್ದಿ ನಾ ಎಂತಕ್ಕೆ ಹೇಳಿಕೊಡ್ಲಿ? ಆಸ್ಪತ್ರೆ, ಓಡಾಟ... ಅವ್ಳಿಗ್ ಈಗ ತಲೆ ಸಮ ಇಲ್ಲೆ. ಬೇಜಾರ್ ಮಾಡ್ಕಣ್ಬೇಡಿ.”

ಆ ಕ್ಷಣಕ್ಕೆ ನನಗೆ ಕೋವಿಯೂ ಬೇಡ, ಯಜಮಾನಿಕೆಯೂ ಬೇಡವಾಯಿತು. ಸಾಲಿಗ್ರಾಮದ ಆ ಜಗಲಿ, ಪಕ್ಕದಲ್ಲಿ ಕೂರಿಸಿಕೊಂಡು ಉಗುರು ಎಳೆಯಲು ಕಲಿಸಿದ್ದು, ಸರಿಯಾಗಿ ಹೇಳಿದಾಗ ಬೆನ್ನು ತಟ್ಟಿದ್ದು, ಅಪ್ಪ ಇಲ್ಲದವಳಿಗೆ ಅಪ್ಪನಾದದ್ದು, ಎಲ್ಲವನ್ನೂ ನಾಲ್ಕು ಜನರ ನಡುವೆ ಇಲ್ಲ ಅಂದುಬಿಟ್ಟರು. ಯಾರೋ ಹೆಂಗಸರು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

ಉಸ್ತುವಾರಿ ನನ್ನ ಮೈದುನನಿಗೆ ಹೋಯಿತು. ನಾವು ಬೇಲಿಯಾಚೆಯ ಸಣ್ಣ ಮನೆಗೆ ಹೋದೆವು. ಅದೂ ಇರಲಿ. ನನ್ನ ಗಂಡ ನನ್ನನ್ನು ನಂಬುತ್ತಾರೆಂದು ತಿಳಿದಿದ್ದೆ. ಅಂದು ಸಂಜೆ ಅವರೇ ಹೇಳಿದರು: “ಭಾವ ಹೇಳಿದ್ರ್, ನಾನ್ ಕೇಣ್ಲಿಲ್ಲೆ. ತಪ್ಪ್ ನಂದೆ. ಅವ್ರನ್ನ್ ಜನರ ಮಧ್ಯ ಸುಳ್ಳ ಮಾಡುಕ್ ಹೋದ್ಯಲೆ ನೀನ್.”

ನಾನು ಎಷ್ಟೋ ಸಲ ಹೇಳಿದೆ. ಕಬ್ಬಿಣದ ತುಂಡು ತಂದು ತೋರಿಸಿದೆ. ಅತ್ತು ಕರೆದೆ, ಜಗಳಾಡಿದೆ, ಮಾತು ಬಿಟ್ಟೆ. ಕೋವಿಯ ವಿಷಯದಲ್ಲಿ ಬೊಂಬಾಯಿ ಭಾವನಿಗೆ ತಪ್ಪಾಗಲು ಸಾಧ್ಯವಿಲ್ಲ, ಸುಳ್ಳು ಹೇಳಲು ಅವರಿಗೇನು ಹುಚ್ಚೇ, ಇದೇ ಅವರ ಉತ್ತರ. ಕಡೆಕಡೆಗೆ ಸಾಕಾಗಿ ನಾನೇ ಬಾಯಿ ಮುಚ್ಚಿದೆ. ಅಕ್ಕನ ಮನೆಗೆ ಹೋಗುವುದನ್ನೂ ಬಿಟ್ಟೆ. ಭಾವ ಮಾತ್ರ ಹಬ್ಬಕ್ಕೊಮ್ಮೆ ಅಕ್ಕನ ಕೈಯಲ್ಲಿ ಬಾಳೆಗೊನೆಯೋ ಬೆಲ್ಲವೋ ಕಳಿಸುತ್ತಿದ್ದರು. ನಾನು ಅದನ್ನು ದನಕ್ಕೆ ಹಾಕುತ್ತಿದ್ದೆ.

ಎಷ್ಟೋ ವರ್ಷ ಕಳೆದು, ನನ್ನ ಗಂಡನೂ ತೀರಿಹೋದ ಮೇಲೆ, ಭಾವ ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನು ಕಾಣಬೇಕಂತೆ ಎಂದು ಅಕ್ಕ ಹೇಳಿಕಳಿಸಿದಳು. ಹೋಗಬಾರದೆಂದು ಮಾಡಿದ್ದೆ. ಅಕ್ಕನ ಮುಖ ನೋಡಿ ಹೋದೆ. ಇಸ್ತ್ರಿ ಅಂಗಿಯ ಮನುಷ್ಯ ಚಾಪೆಯ ಮೇಲೆ ಒಂದು ಹಿಡಿಯಾಗಿದ್ದರು. ಅಕ್ಕ ಗಂಜಿ ತರಲು ಒಳಗೆ ಹೋದಾಗ ಮೆಲ್ಲಗೆ ನನ್ನ ಕೈ ಹಿಡಿದರು.

“ಅವತ್ತ್ ನೀನ್ ಹೇಳ್ದ್ ಸಮ ಇತ್ತ್, ಹೆಣೆ.”

ನಾನು ಎದ್ದು ಬಾಗಿಲಿಗೆ ಹೋಗಿ ಕೂಗಿದೆ. “ಅಕ್ಕಾ, ಬಾ ಇಲ್ಲಿ. ಭಾವ ಎಂತದೋ ಹೇಳ್ತ್ರ್, ನೀನೂ ಕೇಣ್.” ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಎಂತ ಇಲ್ಲೆ. ನೀರ್ ಬೇಕಂದೆ” ಅಂದರು.

ಹೆಂಡತಿಯ ಎದುರಿಗೂ ಆಗಲಿಲ್ಲ ಅವರಿಗೆ! ನಾನು ನೀರು ಕೊಟ್ಟು ಬಂದೆ. ಸ್ವಲ್ಪ ದಿನದಲ್ಲೇ ಹೋದರು.

ಈಗ ಅಕ್ಕನೂ ಇಲ್ಲ, ಆ ಅಂಗಳದಲ್ಲಿ ಕೂತಿದ್ದವರಲ್ಲಿ ಯಾರೂ ಇಲ್ಲ. ಭಾವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅವರಷ್ಟು ಪ್ರೀತಿಯಿಂದ ನನಗೆ ಏನನ್ನಾದರೂ ಕಲಿಸಿದವರು ಮತ್ತೆ ಸಿಗಲಿಲ್ಲ, ಅದೂ ನಿಜ. ಒಬ್ಬಳೇ ಕೂತಾಗ ಕಣ್ಣ ಮುಂದೆ ಬರುವುದು ಮಾತ್ರ ನನ್ನ ಗಂಡ. ಮದುವೆಮನೆಗೆ ಹೋಗಲಿ, ಪೇಟೆಗೆ ಹೋಗಲಿ, ಎಡಗೈಯನ್ನು ಹೆಗಲ ಮೇಲಿನ ಬೈರಾಸು ವಸ್ತ್ರದ ಒಳಗೆ ಮುಚ್ಚಿಟ್ಟುಕೊಂಡೇ ಕೂರುತ್ತಿದ್ದರು. ಯಾರಾದರೂ ಕೇಳಿದರೆ “ನನ್ನದೇ ತಪ್ಪು, ಹಿರಿಯರು ಹೇಳಿದ್ದು ಕೇಳಲಿಲ್ಲ” ಎಂದು ತಾವೇ ಹೇಳುತ್ತಿದ್ದರು. ಸಾಯುವವರೆಗೂ ಹಾಗೆಯೇ ಹೇಳಿದರು.